ಗ್ರಂಥಋಣದ ಲೆಕ್ಕ: ಬೆಂಗಳೂರು ದಂಡಿನಲ್ಲಿ ಆಕರ ನಮೂದಿನ ಚರಿತ್ರೆ

ಬರಹದಲ್ಲಿ ಬಂದ ಮಾತೊಂದು ಯಾವ ಪುಸ್ತಕದ್ದು, ಯಾವ ಶಾಸನದ್ದು ಎಂದು ಓದುಗರಿಗೆ ತಿಳಿಸುವುದೇ ಆಕರ ನಮೂದು. ಕನ್ನಡ ಸಂಶೋಧನಾ ಗ್ರಂಥಗಳ ಕೊನೆಯಲ್ಲಿ ಬರುವ ಆಕರಗಳ ಪಟ್ಟಿಗೆ ‘ಗ್ರಂಥಋಣ’ ಎಂಬ ಹೆಸರೂ ಉಂಟು. ಋಣವೆಂದ ಮೇಲೆ ಲೆಕ್ಕವಿರಬೇಕು. ಆ ಲೆಕ್ಕ ಇಡುವ ಸಲಕರಣೆ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಒಮ್ಮೆ ಅದು ಶಾಸನದ ಕ್ರಮಸಂಖ್ಯೆಯಾಗಿತ್ತು, ಒಮ್ಮೆ ನಿಘಂಟಿನ ಸಂಕೇತಾಕ್ಷರ, ಇನ್ನೊಮ್ಮೆ ಗ್ರಂಥಾಲಯದ ಕಾರ್ಡು. ಈಗ ಅದು ಜೊಟೆರೊ, ಮೆಂಡೆಲಿ, ಎಂಡ್‌ನೋಟ್ ಮುಂತಾದ ತಂತ್ರಾಂಶಗಳ ರೂಪದಲ್ಲಿದೆ. ಬೆಂಗಳೂರಿನ ದಂಡು ಪ್ರದೇಶ, ಅದರ ಪೂರ್ವಕ್ಕೆ ಹಬ್ಬಿದ ಹಲಸೂರು, ದೊಮ್ಮಲೂರು, ಕೋಡಿಹಳ್ಳಿ, ಕೃಷ್ಣರಾಜಪುರಗಳ ವಿದ್ಯಾಚರಿತ್ರೆಯಲ್ಲಿ ಈ ಸಲಕರಣೆಗಳೆಲ್ಲದರ ಗುರುತೂ ಸಿಗುತ್ತದೆ. ಸಂಶೋಧಕರು ಯಾವ ತಂತ್ರಾಂಶವನ್ನು ಆರಿಸಿಕೊಳ್ಳಬೇಕು ಎಂಬ ಇಂದಿನ ಪ್ರಶ್ನೆಗೆ ಬೇಕಾದ ವಿವೇಕವೂ ಈ ಚರಿತ್ರೆಯಲ್ಲೇ ಇದೆ.

ಅಚ್ಚಿನ ಮೊದಲ ದಿನಗಳು

1809ರಲ್ಲಿ ಬ್ರಿಟಿಷ್ ಸೇನೆ ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಸ್ಥಳಾಂತರಗೊಂಡು, ಹಲಸೂರು ಕೆರೆಯ ಆಸುಪಾಸಿನಲ್ಲಿ ದಂಡು ನೆಲೆಯೂರಿತು. ಸೇನೆಯ ಹಿಂದೆಯೇ ಮಿಷನರಿಗಳೂ ಶಾಲೆಗಳೂ ಅಚ್ಚುಕೂಟಗಳೂ ಬಂದವು. ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯ ಕನ್ನಡ ಅಚ್ಚಿನ ಇತಿಹಾಸದಲ್ಲಿ ದೊಡ್ಡ ಹೆಸರು. ಜಾನ್ ಗ್ಯಾರೆಟ್ ಸಿದ್ಧಪಡಿಸಿದ ಭಗವದ್ಗೀತೆಯ ಆವೃತ್ತಿ 1849ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಸಂಸ್ಕೃತ ಮೂಲ, ಕನ್ನಡ, ಇಂಗ್ಲಿಷ್ ಮೂರನ್ನೂ ಅದರಲ್ಲಿ ಅಕ್ಕಪಕ್ಕದ ಅಂಕಣಗಳಲ್ಲಿ ಜೋಡಿಸಲಾಗಿತ್ತು. ವಿಲಿಯಂ ರೀವ್ 1832ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದ್ದ ಕನ್ನಡ–ಇಂಗ್ಲಿಷ್ ನಿಘಂಟನ್ನು ಡೇನಿಯಲ್ ಸ್ಯಾಂಡರ್ಸನ್ ಪರಿಷ್ಕರಿಸಿ 1858ರಲ್ಲಿ ಬೆಂಗಳೂರಿನಿಂದ ಹೊರತಂದರು.

ಗೀತೆಯಂಥ ಗ್ರಂಥಕ್ಕೆ ಆಕರ ನಮೂದಿಸುವುದು ಸುಲಭ. ಅಧ್ಯಾಯ, ಶ್ಲೋಕದ ಸಂಖ್ಯೆ ಹೇಳಿದರೆ ಮುಗಿಯಿತು. ಯಾರ ಮುದ್ರಣ, ಎಷ್ಟನೆಯ ಪುಟ ಎಂಬುದರ ಹಂಗಿಲ್ಲ. ಕನ್ನಡ ಕಾವ್ಯಗಳಿಗೂ ಈ ಭಾಗ್ಯವಿತ್ತು. ಚಂಪೂಕಾವ್ಯಗಳಲ್ಲಿ ಆಶ್ವಾಸ ಮತ್ತು ಪದ್ಯ, ಕುಮಾರವ್ಯಾಸನ ಭಾರತದಲ್ಲಿ ಪರ್ವ, ಸಂಧಿ ಮತ್ತು ಪದ್ಯ. ಓಲೆಗರಿಯ ಕಾಲದಿಂದ ಬಂದ ಈ ಎಣಿಕೆಯೇ ಕನ್ನಡದ ಮೊದಲ ಆಕರ ಪದ್ಧತಿ. ಪ್ರತಿ ಬದಲಾದರೂ ಓದುಗ ಅದೇ ಪದ್ಯಕ್ಕೆ ಹೋಗಿ ಮುಟ್ಟಬಹುದಾಗಿತ್ತು. ಅಂಥ ಎಣಿಕೆಯೇ ಇಲ್ಲದ ಆಕರವೆಂದರೆ ಊರೂರಿನಲ್ಲಿ ಚದುರಿದ್ದ ಕಲ್ಲುಗಳು.

ಕಲ್ಲಿಗೆ ಸಿಕ್ಕ ವಿಳಾಸ

ಕಲ್ಲುಗಳಿಗೆ ವಿಳಾಸ ಕೊಟ್ಟವರು ಬೆಂಜಮಿನ್ ಲೂಯಿ ರೈಸ್. ಲಂಡನ್ ಮಿಷನ್ನಿನ ಪಾದ್ರಿಯೊಬ್ಬರ ಮಗನಾಗಿ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ರೈಸ್, ಇಂಗ್ಲೆಂಡಿನಲ್ಲಿ ಓದಿ 1860ರಲ್ಲಿ ಮರಳಿದರು. ಮುಂದೆ ಸೆಂಟ್ರಲ್ ಕಾಲೇಜಾದ ಬೆಂಗಳೂರು ಹೈಸ್ಕೂಲಿನಲ್ಲಿ ದುಡಿದು, ಬಳಿಕ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾದರು. ಶಾಲೆಗಳ ತನಿಖೆಗೆ ಊರೂರು ಸುತ್ತುವಾಗ ಶಾಸನಗಳು ಅವರ ಕಣ್ಣಿಗೆ ಬಿದ್ದವು. ಮೇಜರ್ ಡಿಕ್ಸನ್ 1865ರಲ್ಲಿ ತೆಗೆದ ಶಾಸನಗಳ ಛಾಯಾಚಿತ್ರಗಳನ್ನು ಆಧರಿಸಿ ಅವರು 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಪ್ರಕಟಿಸಿದರು. 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ 12 ಸಂಪುಟಗಳಿಗೆ ಬೆಳೆದು, ಸುಮಾರು 9,000 ಶಾಸನಗಳನ್ನು ಬೆಳಕಿಗೆ ತಂದಿತು. ಬೆಂಗಳೂರು ಜಿಲ್ಲೆಯ ಒಂಬತ್ತನೆಯ ಸಂಪುಟ 1905ರಲ್ಲಿ ಬಂತು.

ಇಷ್ಟು ಶಾಸನಗಳನ್ನು ಉಲ್ಲೇಖಿಸಲು ರೈಸ್ ಕಂಡುಕೊಂಡ ದಾರಿ ಸರಳವಾದದ್ದು. ಪ್ರತಿ ತಾಲ್ಲೂಕಿಗೆ ಒಂದು ಚಿಕ್ಕ ಸಂಕೇತ. ತಾಲ್ಲೂಕಿನೊಳಗೆ ಪ್ರತಿ ಶಾಸನಕ್ಕೆ ಒಂದು ಅಂಕಿ. ‘ಎ.ಕ. 9, ಬೆಂ. 83’ ಎಂದು ಬರೆದರೆ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟದ ಬೆಂಗಳೂರು ತಾಲ್ಲೂಕಿನ 83ನೆಯ ಶಾಸನ ಎಂದರ್ಥ. ಅದು ಬೇಗೂರಿನ ಪ್ರಸಿದ್ಧ ವೀರಗಲ್ಲು. ಗಂಗ ಎರೆಯಪ್ಪರಸನ ಕಾಲದಲ್ಲಿ ನಾಗತ್ತರನೆಂಬ ವೀರ ಕಾದಿ ಮಡಿದುದನ್ನು ಹೇಳುವ ಈ ಕಲ್ಲಿನ ಮೇಲೆ ಆನೆ, ಕುದುರೆ, ಕಾಲಾಳುಗಳ ಯುದ್ಧದ ಚಿತ್ರ ಕಿಕ್ಕಿರಿದು ತುಂಬಿದೆ. ಕಲ್ಲು ಈಗ ಬೇಗೂರಿನಲ್ಲಿಲ್ಲ; ಎಡ್ವರ್ಡ್ ಬಾಲ್ಫೋರ್ 1865ರಲ್ಲಿ ದಂಡಿನಲ್ಲಿ ಆರಂಭಿಸಿದ, ಈಗ ಕಸ್ತೂರ್‌ಬಾ ರಸ್ತೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲು ಜಾಗ ಬದಲಿಸಿತು, ವಿಳಾಸ ಬದಲಾಗಲಿಲ್ಲ. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದ ತಮಿಳು ಶಾಸನಗಳದ್ದೂ ಇದೇ ಕತೆ. ಆ ಊರನ್ನು ತೊಂಬಲೂರು, ದೇಶಿಮಾಣಿಕ್ಯಪಟ್ಟಣ ಎಂದು ಕರೆದ ಶಾಸನಗಳ ಸುತ್ತಲಿನ ಹಳ್ಳಿಯೇ ಕರಗಿ ನಗರವಾಗಿದ್ದರೂ ತಾಲ್ಲೂಕಿನ ಸಂಕೇತ, ಅಂಕಿ ಹಿಡಿದು ಹೊರಟವರಿಗೆ ಅವು ಸಿಗುತ್ತವೆ.

ತಾಲ್ಲೂಕುಗಳ ಗಡಿಯೂ ನಿಲ್ಲಲಿಲ್ಲ. 1986ರಲ್ಲಿ ಬೆಂಗಳೂರು ಜಿಲ್ಲೆ ನಗರ, ಗ್ರಾಮಾಂತರ ಎಂದು ಎರಡಾಯಿತು; ಹೊಸಕೋಟೆ ಗ್ರಾಮಾಂತರಕ್ಕೆ ಸೇರಿತು; ಮುಂದೆ ಕೃಷ್ಣರಾಜಪುರವನ್ನು ಕೇಂದ್ರವಾಗಿಸಿಕೊಂಡು ಬೆಂಗಳೂರು ಪೂರ್ವ ತಾಲ್ಲೂಕು ರೂಪುಗೊಂಡಿತು. ರೈಸ್ ಕಾಲದ ಭೂಪಟ ಇಂದು ಇಲ್ಲ. ಆದರೂ ಸಂಶೋಧಕರು ಅದೇ ಸಂಕೇತಗಳನ್ನು ಬರೆಯುತ್ತಾರೆ. ಒಮ್ಮೆ ಸಾವಿರಾರು ಲೇಖನಗಳಲ್ಲಿ ಬಳಕೆಯಾದ ವಿಳಾಸವನ್ನು ಕಂದಾಯ ಇಲಾಖೆಯ ಗಡಿ ಅಳಿಸಲಾರದು.

ಸಂಖ್ಯೆ ಬದಲಾದಾಗ

ಈ ಪದ್ಧತಿಗೂ ಒಂದು ತೊಡಕಿತ್ತು. ಹೊಸ ಶಾಸನ ಸಿಕ್ಕಾಗ ಅದನ್ನು ಎಲ್ಲಿ ಸೇರಿಸುವುದು? ಶ್ರವಣಬೆಳಗೊಳದ ಸಂಪುಟ ಇದಕ್ಕೆ ಒಳ್ಳೆಯ ಉದಾಹರಣೆ. 1889ರಲ್ಲಿ ರೈಸ್ ಅಲ್ಲಿನ 144 ಶಾಸನಗಳನ್ನು ಪ್ರಕಟಿಸಿದರು. ಅವರ ನಂತರ ಪ್ರಾಕ್ತನ ಇಲಾಖೆಯ ಹೊಣೆ ಹೊತ್ತ ಆರ್. ನರಸಿಂಹಾಚಾರ್ಯರು 1923ರಲ್ಲಿ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ 500 ಶಾಸನಗಳಿದ್ದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊಸದಾಗಿ ಪ್ರಕಟಿಸತೊಡಗಿದ ಮಾಲೆಯ ಎರಡನೆಯ ಸಂಪುಟದಲ್ಲಿ ಅವು 573 ಆದವು. ಶಾಸನಗಳು ಹೆಚ್ಚಿದ ಹಾಗೆ ಕ್ರಮಸಂಖ್ಯೆಗಳನ್ನೂ ಹೊಸದಾಗಿ ಹೊಂದಿಸಬೇಕಾಯಿತು.

ಸಂಪುಟದ ಸಂಖ್ಯೆಯಲ್ಲೂ ಇದೇ ಗೊಂದಲ. ರೈಸ್ ಮಾಲೆಯ ಮೂರನೆಯ ಸಂಪುಟ ಮೈಸೂರು ಜಿಲ್ಲೆಯ ಒಂದು ಭಾಗ. ಹೊಸ ಮಾಲೆಯ ಮೂರನೆಯ ಸಂಪುಟ ಗುಂಡ್ಲುಪೇಟೆ, ನಂಜನಗೂಡು, ಹೆಗ್ಗಡದೇವನಕೋಟೆ ತಾಲ್ಲೂಕುಗಳದ್ದು. ‘ಎ.ಕ. 3’ ಎಂದಷ್ಟೇ ಬರೆದರೆ ಯಾವುದೆಂದು ತಿಳಿಯದು. ಅದಕ್ಕಾಗಿ ಎಚ್ಚರದ ಸಂಶೋಧಕರು ‘ಪರಿಷ್ಕೃತ’ ಎಂಬುದಕ್ಕೆ ‘ಪ.’ ಅಥವಾ ಪ್ರಕಟಣೆಯ ವರ್ಷ ಸೇರಿಸಿ ಬರೆಯುತ್ತಾರೆ. ಹಳೆಯ, ಹೊಸ ಸಂಖ್ಯೆಗಳನ್ನು ಎದುರುಬದುರು ಕೊಡುವ ಹೊಂದಾಣಿಕೆ ಪಟ್ಟಿಯನ್ನು ಕೈಗೆಟಕುವಲ್ಲಿ ಇಟ್ಟುಕೊಳ್ಳುತ್ತಾರೆ. ಒಂದು ಆಕರ ಕ್ರಮದಿಂದ ಇನ್ನೊಂದಕ್ಕೆ ದಾಟುವಾಗ ಹಳೆಯ ನಮೂದು ಕಳೆಯದಂತೆ ನೋಡಿಕೊಳ್ಳುವ ಈ ಪಟ್ಟಿ, ಇಂದು ತಂತ್ರಾಂಶಗಳ ನಡುವೆ ಮಾಹಿತಿ ಸಾಗಿಸುವ ಕಡತಗಳು ಮಾಡುವ ಕೆಲಸವನ್ನೇ ಅಂದು ಮಾಡಿತು.

ನಿಘಂಟು, ಕವಿಚರಿತೆ, ಪತ್ರಿಕೆ

ಮಹಾತ್ಮ ಗಾಂಧಿ ರಸ್ತೆಯ ಮೇಯೊ ಹಾಲ್ ಬಳಿ ಫರ್ಡಿನಾಂಡ್ ಕಿಟ್ಟೆಲ್ ಅವರ ಪ್ರತಿಮೆ ಇದೆ. ಕಿಟ್ಟೆಲ್ ದುಡಿದದ್ದು ಬಾಸೆಲ್ ಮಿಷನ್ನಿನಲ್ಲಿ. 1894ರಲ್ಲಿ ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾದದ್ದು ಮಂಗಳೂರಿನಲ್ಲಿ. ಸುಮಾರು 70,000 ಪದಗಳ ಆ ನಿಘಂಟಿನ ದೊಡ್ಡ ಗುಣವೆಂದರೆ ಅರ್ಥಕ್ಕೆ ಆಧಾರ ತೋರಿಸುವುದು. ಪದದ ಮುಂದೆ ಅದು ಬಂದ ಕಾವ್ಯ ಅಥವಾ ವ್ಯಾಕರಣ ಗ್ರಂಥದ ಸಂಕೇತಾಕ್ಷರ ಇರುತ್ತದೆ. ಗ್ರಂಥದ ಆರಂಭದಲ್ಲಿ ಆ ಸಂಕೇತಗಳ ವಿವರಣೆ. ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳಲ್ಲಿ ಹೊರತಂದ ನಿಘಂಟು ಇದೇ ಹಾದಿಯಲ್ಲಿ ಇನ್ನೂ ಮುಂದೆ ಹೋಗಿ, ಕಾವ್ಯಗಳ ಜೊತೆಗೆ ಶಾಸನಗಳಿಂದಲೂ ಪ್ರಯೋಗಗಳನ್ನು ಆಕರಸಹಿತ ಕೊಟ್ಟಿತು. ಇಂಥ ಕೆಲಸ ನಡೆಯುವುದು ಚೀಟಿಗಳ ಮೇಲೆ. ಒಂದು ಚೀಟಿಗೆ ಒಂದು ಪದ, ಒಂದು ಪ್ರಯೋಗ, ಒಂದು ಆಕರ. ಆಮೇಲೆ ಅಕಾರಾದಿಯಾಗಿ ಜೋಡಣೆ. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು (1907, 1919, 1929) ಕವಿ, ಕಾಲ, ಗ್ರಂಥಗಳ ವಿವರವನ್ನು ಆಧಾರಸಹಿತ ಒಟ್ಟುಗೂಡಿಸಿ ಕನ್ನಡ ಸಾಹಿತ್ಯ ಚರಿತ್ರೆಗೆ ತಳಪಾಯ ಹಾಕಿದವು.

ದಂಡಿನ ಒಳಗಿನಿಂದಲೇ ಮೂಡಿದ ಸಂಸ್ಥೆ ಮಿಥಿಕ್ ಸೊಸೈಟಿ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನ ಕಲೆಕ್ಟರ್ ಆಗಿದ್ದ ಎಫ್.ಜೆ. ರಿಚರ್ಡ್ಸ್ 1909ರಲ್ಲಿ ಅದಕ್ಕೆ ನಾಂದಿ ಹಾಡಿದರು. ಫಾದರ್ ಟಬಾರ್ಡ್ ಬಹುಕಾಲ ಅದರ ಅಧ್ಯಕ್ಷರಾಗಿದ್ದರು. ಅದರ ತ್ರೈಮಾಸಿಕ ಪತ್ರಿಕೆ ಅಡಿಟಿಪ್ಪಣಿಯ ಶಿಸ್ತನ್ನು ಇಲ್ಲಿನ ಬರಹಗಾರರಲ್ಲಿ ಬೆಳೆಸಿತು. ಒಂದು ಶತಮಾನದ ಬಳಿಕ ಅದೇ ಸಂಸ್ಥೆ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಮೂಲಕ ದಾಖಲಿಸುವ ಕೆಲಸ ಕೈಗೊಂಡಿದೆ. ಕಲ್ಲಿರುವ ಜಾಗದ ಅಕ್ಷಾಂಶ, ರೇಖಾಂಶಗಳೂ ದಾಖಲೆಯಲ್ಲಿ ಸೇರುತ್ತಿವೆ. ರೈಸ್ ಕೊಟ್ಟ ತಾಲ್ಲೂಕಿನ ವಿಳಾಸದ ಪಕ್ಕದಲ್ಲಿ ಈಗ ಭೂಮಿಯ ವಿಳಾಸವೂ ಕೂತಿದೆ.

ಕಾರ್ಡು ಮತ್ತು ಹೆಸರು

ಶಿಯಾಳಿ ರಾಮಾಮೃತ ರಂಗನಾಥನ್ 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು (1931), ಕೋಲನ್ ವರ್ಗೀಕರಣವನ್ನು (1933) ಮದರಾಸಿನಲ್ಲೇ ರೂಪಿಸಿದ್ದ ಅವರು, 1962ರಲ್ಲಿ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಅಂಗವಾಗಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಡಿಆರ್‌ಟಿಸಿ ಎಂದೇ ಹೆಸರಾದ ಆ ಕೇಂದ್ರದಲ್ಲಿ ತರಬೇತಾದವರು ದೇಶದ ಸಂಶೋಧನಾ ಗ್ರಂಥಾಲಯಗಳಿಗೆ ಹೋದರು.

ಆಕರ ನಮೂದಿಗೆ ರಂಗನಾಥನ್ ಕೊಟ್ಟ ಒಂದು ದೊಡ್ಡ ಕೊಡುಗೆ ಹೆಸರಿನ ವಿಷಯದಲ್ಲಿದೆ. ಪಾಶ್ಚಾತ್ಯ ಪದ್ಧತಿಯಲ್ಲಿ ಹೆಸರಿನ ಕೊನೆಯ ಪದ ಮನೆತನದ್ದು. ಪಟ್ಟಿಯಲ್ಲಿ ಅದೇ ಮೊದಲು ಬರುತ್ತದೆ. ದಕ್ಷಿಣ ಭಾರತದಲ್ಲಿ ಹಾಗಿಲ್ಲ. ಅವರ ಹೆಸರನ್ನೇ ನೋಡಿದರೆ ಸಾಕು: ಶಿಯಾಳಿ ಎಂಬುದು ಊರು, ರಾಮಾಮೃತ ಎಂಬುದು ತಂದೆಯ ಹೆಸರು, ರಂಗನಾಥನ್ ಎಂಬುದು ಅವರ ಸ್ವಂತ ಹೆಸರು. ಕೊನೆಯ ಪದವನ್ನು ಮನೆತನವೆಂದು ತಿಳಿಯುವುದು ಇಲ್ಲಿ ತಪ್ಪು. 1934ರ ತಮ್ಮ ಸೂಚೀಕರಣ ಸಂಹಿತೆಯಲ್ಲಿ ಅವರು ಹುಡುಕುವ ಮುಖ್ಯ ಪದ ಯಾವುದೆಂದು ಮೊದಲು ತೀರ್ಮಾನಿಸಿ, ಉಳಿದುದನ್ನು ಆವರಣದಲ್ಲಿಡುವ ನಿಯಮ ಮಾಡಿದರು: ‘ರಂಗನಾಥನ್ (ಶಿಯಾಳಿ ರಾಮಾಮೃತ)’. ಕನ್ನಡ ಗ್ರಂಥಋಣಗಳಲ್ಲಿ ‘ನರಸಿಂಹಾಚಾರ್ ಆರ್.’, ‘ಚಿದಾನಂದಮೂರ್ತಿ ಎಂ.’ ಎಂದು ಬರೆಯುವ ರೂಢಿಯೂ ಇದೇ ಧೋರಣೆಯದು.

ಈ ನಿಯಮ ಜೀವಂತವಾಗಿದ್ದದ್ದು ಕಾರ್ಡಿನಲ್ಲಿ. ಮೂರು ಅಂಗುಲ ಎತ್ತರ, ಐದು ಅಂಗುಲ ಅಗಲದ ಗಟ್ಟಿ ಕಾಗದ. ಕೆಳಗೆ ನಡುವೆ ಒಂದು ತೂತು. ಮರದ ಸೆಳೆಪೆಟ್ಟಿಗೆಯ ಉದ್ದಕ್ಕೂ ಎಲ್ಲ ಕಾರ್ಡುಗಳ ತೂತಿನೊಳಗೆ ಹಾದ ಲೋಹದ ಸರಳು. ಕಾರ್ಡಿನ ನೆತ್ತಿಯಲ್ಲಿ ಕರ್ತೃ, ಅದರ ಕೆಳಗೆ ಶೀರ್ಷಿಕೆ, ಪ್ರಕಟಣೆಯ ಸ್ಥಳ, ವರ್ಷ, ಮೂಲೆಯಲ್ಲಿ ವರ್ಗಸಂಖ್ಯೆ. ಒಂದೇ ಪುಸ್ತಕಕ್ಕೆ ಕರ್ತೃವಿನ ಕಾರ್ಡು, ವಿಷಯದ ಕಾರ್ಡು ಬೇರೆ ಬೇರೆ. ಮಿಲ್ಲರ್ಸ್ ರಸ್ತೆಯಲ್ಲಿ 1910ರಲ್ಲಿ ಆರಂಭವಾದ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಂಥ ದಂಡಿನ ವಿದ್ಯಾಸಂಸ್ಥೆಗಳಲ್ಲಿ ಓದಿದ ಸಂಶೋಧಕರ ಸ್ವಂತ ಟಿಪ್ಪಣಿಗಳೂ ಇಂಥ ಕಾರ್ಡುಗಳಲ್ಲೇ ಇರುತ್ತಿದ್ದವು. ಸಂಶೋಧನೆ ಎಂದರೆ ಅಂದು ಕಾರ್ಡುಗಳ ಪೆಟ್ಟಿಗೆ ತುಂಬುವುದು.

ವರದಿಗಳ ಲೋಕ

ದಂಡಿನ ಪೂರ್ವದಲ್ಲಿ ಇನ್ನೊಂದು ಬಗೆಯ ಆಕರ ಬೆಳೆಯಿತು. 1959ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಮರುವರ್ಷ ಬೆಂಗಳೂರಿಗೆ ಬಂತು. ಮುಂದೆ ಇಂದಿರಾನಗರದ ಮಗ್ಗುಲಿನ ಕೋಡಿಹಳ್ಳಿಯಲ್ಲಿ, ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ನೆಲೆ ನಿಂತಿತು. ಎನ್‌ಎಎಲ್ ಎಂದು ಕರೆಯುವ ಈ ಸಂಸ್ಥೆಯ ಗ್ರಂಥಾಲಯ ವೈಮಾನಿಕ ಮಾಹಿತಿಯ ಕೇಂದ್ರವಾಗಿ ಬೆಳೆಯಿತು. ವಿಮಾನಶಾಸ್ತ್ರದ ಮುಖ್ಯ ಜ್ಞಾನ ಪುಸ್ತಕದ ಅಂಗಡಿಯಲ್ಲಿ ಸಿಗುವುದಿಲ್ಲ. ಅದು ಪ್ರಯೋಗಾಲಯಗಳ ವರದಿಗಳಲ್ಲಿದೆ. ರೆಕ್ಕೆಯ ಅಡ್ಡಛೇದಗಳ ಬಗ್ಗೆ ಅಮೆರಿಕದಿಂದ 1945ರಲ್ಲಿ ಬಂದ ‘ನಾಕಾ ವರದಿ 824’ ಎಂದರೆ ಆ ಕ್ಷೇತ್ರದವರಿಗೆ ಬೇರೆ ವಿವರ ಬೇಕಿಲ್ಲ. ಸಂಸ್ಥೆಯ ಸಂಕೇತ, ಮುಂದೆ ಒಂದು ಅಂಕಿ. ‘ಬೆಂ. 83’ರ ಹಿಂದಿದ್ದ ಉಪಾಯವೇ ಇಲ್ಲೂ ಕೆಲಸ ಮಾಡಿತು.

ಗಣಕಕ್ಕೆ ದಾಟಿದ ಲೆಕ್ಕ

1964ರಲ್ಲಿ ಯೂಜೀನ್ ಗಾರ್ಫೀಲ್ಡ್ ಅಮೆರಿಕದಲ್ಲಿ ‘ಸೈನ್ಸ್ ಸೈಟೇಷನ್ ಇಂಡೆಕ್ಸ್’ ಆರಂಭಿಸಿದಾಗ, ಯಾವ ಲೇಖನವನ್ನು ಯಾರು ಉಲ್ಲೇಖಿಸಿದ್ದಾರೆ ಎಂಬುದೇ ಸೂಚಿಯಾಯಿತು. 1980ರ ದಶಕದಲ್ಲಿ ಯುನೆಸ್ಕೊ ಉಚಿತವಾಗಿ ಹಂಚಿದ ಸಿಡಿಎಸ್/ಐಸಿಸ್ ತಂತ್ರಾಂಶ ಭಾರತದ ಗ್ರಂಥಾಲಯಗಳ ಕಾರ್ಡುಗಳನ್ನು ಗಣಕಕ್ಕೆ ತಂದಿತು. ಅದೇ ದಶಕದಲ್ಲಿ ಸಂಶೋಧಕರ ಸ್ವಂತ ಸಲಕರಣೆಗಳೂ ಬಂದವು. ಗಣಿತ, ಭೌತವಿಜ್ಞಾನ, ಎಂಜಿನಿಯರಿಂಗ್ ಬರಹಗಾರರಿಗೆ ಅಕ್ಷರ ಜೋಡಣೆಯ ತಂತ್ರಾಂಶ ಲೇಟೆಕ್ ಜೊತೆ ದುಡಿಯುವ ಬಿಬ್‌ಟೆಕ್ 1985ರಲ್ಲಿ ಸಿಕ್ಕಿತು. ಪ್ರೊಸೈಟ್, ರೆಫರೆನ್ಸ್ ಮ್ಯಾನೇಜರ್, ಎಂಡ್‌ನೋಟ್ ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳು. ರೆಫ್‌ವರ್ಕ್ಸ್ 2001ರಲ್ಲಿ ಬಂತು. ಜಾರ್ಜ್ ಮೇಸನ್ ವಿಶ್ವವಿದ್ಯಾಲಯ 2006ರಲ್ಲಿ ಜೊಟೆರೊವನ್ನು ಉಚಿತವಾಗಿ, ಮುಕ್ತ ಆಕರ ತಂತ್ರಾಂಶವಾಗಿ ಬಿಡುಗಡೆ ಮಾಡಿತು. 2008ರಲ್ಲಿ ಮೆಂಡೆಲಿ ಶುರುವಾಯಿತು; 2013ರಲ್ಲಿ ಅದನ್ನು ಪ್ರಕಾಶನ ಸಂಸ್ಥೆ ಎಲ್ಸೆವಿಯರ್ ಕೊಂಡುಕೊಂಡಿತು.

ಈ ಅಲ್ಪ ಚರಿತ್ರೆಯಲ್ಲೇ ಸಾವುನೋವುಗಳಾಗಿವೆ. ಪ್ರೊಸೈಟ್ ನಿಂತಿತು, ರೆಫರೆನ್ಸ್ ಮ್ಯಾನೇಜರ್ ಮಾರಾಟ 2015ರ ಕೊನೆಗೆ ಮುಗಿಯಿತು, ಸೈಟ್‌ಯುಲೈಕ್ ಜಾಲತಾಣ 2019ರಲ್ಲಿ ಬಾಗಿಲು ಹಾಕಿತು. ಆದರೆ ರೆಫರೆನ್ಸ್ ಮ್ಯಾನೇಜರ್ ತಯಾರಿಸಿದ್ದ ಕಂಪನಿಯ ಹೆಸರಿನ ಮೊದಲಕ್ಷರಗಳನ್ನು ಹೊತ್ತ ಆರ್‌ಐಎಸ್ ಕಡತ ಮಾದರಿ ಮಾತ್ರ ಉಳಿದಿದೆ. ಇಂದಿಗೂ ಬಹುತೇಕ ಎಲ್ಲ ತಂತ್ರಾಂಶಗಳೂ ಅದನ್ನು ಓದುತ್ತವೆ, ಬರೆಯುತ್ತವೆ. ಕರ್ತೃವಿಗೆ ಒಂದು ಗುರುತು, ವರ್ಷಕ್ಕೆ ಒಂದು ಗುರುತು, ಸಾಲಿಗೊಂದು ವಿವರ. ಇಷ್ಟೇ ಅದರ ರಚನೆ. ಸಲಕರಣೆ ಹೋಗಿ ಅದರ ಸರಳ ವಿಳಾಸ ಪದ್ಧತಿ ಉಳಿದದ್ದಕ್ಕೆ ಇದು ಹೊಸ ಕಾಲದ ಸಾಕ್ಷಿ.

ಮಾಹಿತಿಯನ್ನು ಹೊರಗೊಯ್ಯುವ ಹಕ್ಕಿನ ಸುತ್ತ ಜಗಳವೂ ನಡೆದಿದೆ. ಎಂಡ್‌ನೋಟಿನ ಶೈಲಿ ಕಡತಗಳನ್ನು ಜೊಟೆರೊ ಓದುವಂತೆ ಮಾಡಿದ್ದಕ್ಕೆ ಥಾಮ್ಸನ್ ರಾಯಿಟರ್ಸ್ 2008ರಲ್ಲಿ ಮೊಕದ್ದಮೆ ಹೂಡಿತು. 2009ರಲ್ಲಿ ಅದು ವಜಾ ಆಯಿತು. 2018ರಲ್ಲಿ ಮೆಂಡೆಲಿ ಬಳಕೆದಾರರ ಗಣಕದಲ್ಲಿರುವ ದತ್ತಕೋಶವನ್ನು ಗೂಢಲಿಪೀಕರಿಸಿದಾಗ, ಅದನ್ನು ನೇರವಾಗಿ ಬೇರೆ ತಂತ್ರಾಂಶಕ್ಕೆ ಸಾಗಿಸುವುದು ಕಷ್ಟವಾಯಿತು. ಅದೇ ವರ್ಷ ವಿಶ್ವವಿದ್ಯಾಲಯ ಧನಸಹಾಯ ಆಯೋಗ ಕೃತಿಚೌರ್ಯ ತಡೆಯ ನಿಯಮಾವಳಿ ಹೊರಡಿಸಿತು. ಪ್ರಬಂಧದಲ್ಲಿನ ಹೋಲಿಕೆಯನ್ನು ಶೇ. 10, 40, 60ರ ಮಟ್ಟಗಳಲ್ಲಿ ಅಳೆಯುವ ಆ ನಿಯಮಗಳ ನಂತರ, ಆಕರವನ್ನು ಕ್ರಮವಾಗಿ ಇಟ್ಟುಕೊಳ್ಳುವುದು ಪ್ರತಿ ಸಂಶೋಧನಾ ವಿದ್ಯಾರ್ಥಿಯ ನಿತ್ಯದ ಅಗತ್ಯವಾಯಿತು.

ಕನ್ನಡದ ಆಕರ, ಇಂದಿನ ಆಯ್ಕೆ

ಕನ್ನಡದಲ್ಲಿ ಸಂಶೋಧನೆ ಮಾಡುವವರು ತಂತ್ರಾಂಶ ಆರಿಸುವಾಗ ನಾಲ್ಕು ವಿಷಯಗಳನ್ನು ನೋಡಬೇಕಾಗುತ್ತದೆ. ಮೊದಲನೆಯದು ಲಿಪಿ. ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಯುನಿಕೋಡಿನಲ್ಲಿದ್ದರೂ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪಾದ ಪಟ್ಟಿಗಳು ಬಹಳ ಇವೆ. ಅವನ್ನು ಹಾಗೆಯೇ ಅಂಟಿಸಿದರೆ ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅಕಾರಾದಿ ಜೋಡಣೆಯೂ ಕೆಡುತ್ತದೆ. ಮೊದಲು ಯುನಿಕೋಡಿಗೆ ಪರಿವರ್ತಿಸಿ, ಆಮೇಲೆ ಸೇರಿಸಬೇಕು.

ಎರಡನೆಯದು ಹೆಸರು. ತಂತ್ರಾಂಶ ಕೊನೆಯ ಹೆಸರು, ಮೊದಲ ಹೆಸರು ಎಂದು ಎರಡು ಅಂಕಣ ಕೊಡುತ್ತದೆ. ಕುವೆಂಪು ಎಂಬ ಕಾವ್ಯನಾಮವನ್ನು, ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳ ಕನ್ನಡ ಹೆಸರನ್ನು ಎರಡಾಗಿ ಒಡೆಯುವುದು ಕಷ್ಟ. ಜೊಟೆರೊದಲ್ಲಿ ಎರಡು ಅಂಕಣಗಳನ್ನು ಒಂದಾಗಿಸುವ ಅನುಕೂಲವಿದೆ. ಬಿಬ್‌ಟೆಕ್‌ನಲ್ಲಿ ಹೆಸರನ್ನು ಇನ್ನೊಂದು ಜೊತೆ ಪುಷ್ಪಾವರಣದಲ್ಲಿಟ್ಟರೆ ಅದು ಇದ್ದಂತೆ ಉಳಿಯುತ್ತದೆ. ಯಾವ ಪದದಡಿ ಹುಡುಕಬೇಕೆಂಬ ತೀರ್ಮಾನ ರಂಗನಾಥನ್ ಹೇಳಿದಂತೆ ಸಂಶೋಧಕರದೇ ಆಗಿರಬೇಕು, ಯಂತ್ರದ್ದಲ್ಲ. ಒಮ್ಮೆ ತೀರ್ಮಾನಿಸಿದ ಮೇಲೆ ಇಡೀ ಗ್ರಂಥದಲ್ಲಿ ಅದನ್ನೇ ಪಾಲಿಸಬೇಕು.

ಮೂರನೆಯದು ಆಕರದ ಬಗೆ. ಪುಸ್ತಕ, ಲೇಖನಗಳಿಗೆ ಸಿದ್ಧ ನಮೂನೆಗಳಿವೆ. ಶಾಸನ, ವೀರಗಲ್ಲುಗಳಿಗೆ ಇರುವುದಿಲ್ಲ. ಶಾಸನವನ್ನು ಸಂಪುಟದೊಳಗಿನ ಅಧ್ಯಾಯವೆಂಬಂತೆ ದಾಖಲಿಸಿ, ಶೀರ್ಷಿಕೆಯ ಜಾಗದಲ್ಲಿ ಊರು ಮತ್ತು ತಾಲ್ಲೂಕಿನ ಸಂಕೇತ, ಅಂಕಿ ಬರೆದು, ಟಿಪ್ಪಣಿಯಲ್ಲಿ ರೈಸ್ ಆವೃತ್ತಿಯೋ ಪರಿಷ್ಕೃತ ಆವೃತ್ತಿಯೋ ಎಂದು ನಮೂದಿಸುವುದು ಸುರಕ್ಷಿತ ದಾರಿ. ಬೇಗೂರಿನ ವೀರಗಲ್ಲಿಗಾದರೆ ಅದು ಈಗಿರುವ ವಸ್ತುಸಂಗ್ರಹಾಲಯದ ಹೆಸರನ್ನೂ ಸೇರಿಸಬೇಕು.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಹೊರಬಾಗಿಲು. ಗಣಿತ, ಎಂಜಿನಿಯರಿಂಗ್ ಬರಹಗಾರರಿಗೆ ಬಿಬ್‌ಟೆಕ್, ಅದರ ಕಡತಗಳನ್ನು ನಿರ್ವಹಿಸುವ ಜಾಬ್‌ರೆಫ್ ಒಗ್ಗುತ್ತವೆ. ಸಂಸ್ಥೆ ಚಂದಾ ಕಟ್ಟಿರುವಲ್ಲಿ ಎಂಡ್‌ನೋಟ್ ಸಲೀಸು. ಇತಿಹಾಸ, ಸಾಹಿತ್ಯದ ವಿದ್ಯಾರ್ಥಿಗೆ ಉಚಿತವೂ ಮುಕ್ತವೂ ಆದ ಜೊಟೆರೊ ಅನುಕೂಲ. ಯಾವುದನ್ನೇ ಆರಿಸಲಿ, ಸಂಗ್ರಹವೆಲ್ಲವೂ ಆರ್‌ಐಎಸ್ ಅಥವಾ ಬಿಬ್‌ಟೆಕ್ ಕಡತವಾಗಿ ಹೊರಬರುತ್ತದೆಯೇ ಎಂದು ಮೊದಲ ದಿನವೇ ಪರೀಕ್ಷಿಸಿ, ಆಗಾಗ ಒಂದು ಪ್ರತಿ ತೆಗೆದಿಡಬೇಕು. ಹತ್ತಾರು ವರ್ಷದ ಓದಿನ ಲೆಕ್ಕ ಒಂದು ಕಂಪನಿಯ ಆಯುಷ್ಯಕ್ಕೆ ಕಟ್ಟುಬೀಳಬಾರದು. ಸಲಕರಣೆ ಬದಲಾದಾಗಲೂ ನಮೂದು ಉಳಿದು, ಅದನ್ನು ಹಿಡಿದು ಹೊರಟ ಇನ್ನೊಬ್ಬ ಓದುಗ ಮೂಲವನ್ನು ಮುಟ್ಟಿದರೆ ಗ್ರಂಥಋಣದ ಲೆಕ್ಕ ಸರಿಯಾಗಿದೆ ಎಂದರ್ಥ.